ಓಟು ಕೇಳದ ರಾಯರು

ಸವಳಂಗದ ನಮ್ಮ ಮನೆಯಲ್ಲಿ ಈಗ ಬೆಳಗಾದರೆ ಸಂವಿಧಾನದ ಪೀಠಿಕೆ ಕೇಳಿಸುತ್ತದೆ. ಶಾಲೆಯ ಪ್ರಾರ್ಥನೆ ಹೊತ್ತಿಗೆ ಓದಿಸುತ್ತಾರಲ್ಲ, ಅದಕ್ಕೆ ಮೊಮ್ಮಗಳು ಜಡೆ ಹಾಕಿಸಿಕೊಳ್ಳುತ್ತಲೇ ಬಾಯಿಪಾಠ ಮಾಡುತ್ತಾಳೆ. ಮೊನ್ನೆ ನಡುವೆ ನಿಲ್ಲಿಸಿ, "ಅಜ್ಜ, ನಮ್ಮ ಮಿಸ್ಸು ಲೆಕ್ಕ ಮೊದಲು ರಫ್ ಬುಕ್ಕಲ್ಲಿ ಮಾಡಿ ಅಂತಾರೆ. ಅಂಬೇಡ್ಕರ್ ಅವರ ಹತ್ರನೂ ರಫ್ ಬುಕ್ ಇತ್ತಾ?" ಎಂದು ಕೇಳಿದಳು.

ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಇತ್ತು ಮಗಳೇ, ಇತ್ತು. ಆ ಕಚ್ಚಾ ಪ್ರತಿಯಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಅದನ್ನು ಸಿದ್ಧಮಾಡಿ ಕೊಟ್ಟವರು ನಮ್ಮ ಕರಾವಳಿಯ ಒಬ್ಬ ರಾಯರು. ಹೆಸರು ಬೆನಗಲ್ ನರಸಿಂಗ ರಾವ್. ಕಾನೂನು ಪಂಡಿತರು, ಒಂದು ಸಂಸ್ಥಾನದ ಪ್ರಧಾನಿ, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ, ಕೊನೆಗೆ ನೆದರ್ಲೆಂಡ್ಸ್ ದೇಶದ ಹೇಗ್ ಪಟ್ಟಣದಲ್ಲಿ ಜಗತ್ತಿನ ನ್ಯಾಯಾಧೀಶರು. ಇಷ್ಟೆಲ್ಲ ಆದರೂ ಒಂದು ದಿನವೂ ಯಾರ ಮನೆ ಬಾಗಿಲಿಗೂ ಓಟು ಕೇಳಲು ಹೋದವರಲ್ಲ. ಅದಕ್ಕೇ ಇರಬೇಕು, ಅವರ ಹೆಸರು ನಮ್ಮ ಕಟ್ಟೆಯ ಮಾತಿಗೆ ಬರುವುದೇ ಇಲ್ಲ.

ನರಸಿಂಗರಾಯರು ಹುಟ್ಟಿದ್ದು 1887ರ ಫೆಬ್ರುವರಿ 26ರಂದು, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ. ತಂದೆ ರಾಘವೇಂದ್ರ ರಾಯರು ಹೆಸರಾದ ಡಾಕ್ಟರು. ಹುಡುಗ ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಅಮ್ಮೆಂಬಳ ಸುಬ್ಬರಾವ್ ಪೈ ಅವರು 1891ರಲ್ಲಿ ಕಟ್ಟಿದ ಶಾಲೆ ಅದು. ಮುಂದೆ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದವರೂ ಅದೇ ಪೈಗಳೇ. ಮೆಟ್ರಿಕ್ಯುಲೇಷನ್‌ನಲ್ಲಿ ಇಡೀ ಮದರಾಸು ಪ್ರಾಂತ್ಯಕ್ಕೆ ಮೊದಲಿಗನಾಗಿ ಬಂದ ಈ ಹುಡುಗ ಮದರಾಸಿನಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ, ಆಮೇಲೆ ಗಣಿತ, ಎಲ್ಲದರಲ್ಲೂ ಮೊದಲ ದರ್ಜೆ ಪಡೆದ. ಸ್ಕಾಲರ್‌ಶಿಪ್ ಸಿಕ್ಕಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದ. ಅದೇ ಟ್ರಿನಿಟಿ ಕಾಲೇಜಿನಲ್ಲಿ ಅದೇ ಹೊತ್ತಿಗೆ ಜವಾಹರಲಾಲ್ ನೆಹರೂ ಕೂಡ ಓದುತ್ತಿದ್ದರು.

ಆಗಿನ ದೊಡ್ಡ ಪರೀಕ್ಷೆ ಎಂದರೆ ಐ.ಸಿ.ಎಸ್. ಅದನ್ನೂ ಪಾಸು ಮಾಡಿದ ರಾಯರನ್ನು ಮದರಾಸು ಪ್ರಾಂತ್ಯಕ್ಕೇ ಹಾಕಲು ಸರ್ಕಾರ ಹೊರಟಿತು. ಇವರು ಬೇಡವೆಂದು ಬರೆದರು! ಆ ಪ್ರಾಂತ್ಯದಲ್ಲಿ ನನಗೆ ನೆಂಟರಿಷ್ಟರು ಬಹಳ, ಸ್ವಲ್ಪ ಆಸ್ತಿಯೂ ಇದೆ, ಅಂಥ ಕಡೆ ಅಧಿಕಾರ ನಡೆಸುವುದು ಇಕ್ಕಟ್ಟಿನ ಕೆಲಸ, ಬರ್ಮಾ ಆದರೂ ಸರಿ, ಬೇರೆ ಎಲ್ಲಿಗಾದರೂ ಹಾಕಿ ಎಂಬುದು ಆ ಕಾಗದದ ಸಾರಾಂಶ. ಈಗ ವರ್ಗಾವಣೆಗೆಂದು ಸ್ವಂತ ಊರಿನ ಕಡೆ ಮುಖ ಮಾಡಿ ಓಡಾಡುವವರನ್ನು ಕಂಡಿರುವ ನಮ್ಮ ವಯಸ್ಸಿನವರಿಗೆ ಈ ಕಾಗದದ ಬೆಲೆ ತಿಳಿಯುತ್ತದೆ. ರಾಯರು ಬಂಗಾಳಕ್ಕೆ ಹೋದರು. ಅಲ್ಲಿ ಜಿಲ್ಲಾ ನ್ಯಾಯಾಧೀಶರಾದರು, ಬಳಿಕ ಅಸ್ಸಾಮಿನಲ್ಲಿ ಕಾನೂನಿನ ಕರಡು ಬರೆಯುವ ಕೆಲಸ ಹಿಡಿದರು. 1938ರಲ್ಲಿ 'ಸರ್' ಪದವಿ ಬಂತು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರೂ ಆದರು.

ಇಲ್ಲಿಂದ ಮುಂದೆ ಅವರ ಕೈಗೆ ಬಂದ ಎರಡು ಕೆಲಸ ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುವಂಥವು.

ಒಂದು ನೀರಿನದು. ಭದ್ರಾ ನಾಲೆಯ ನೀರು ಚನ್ನಗಿರಿ, ಹೊನ್ನಾಳಿ ಕಡೆ ಹರಿಯುವಾಗ ಮೇಲಿನವರಿಗೂ ಕೊನೆ ಭಾಗದವರಿಗೂ ಪ್ರತಿ ಬೇಸಿಗೆಯಲ್ಲಿ ಏನು ನಡೆಯುತ್ತದೆ ಎಂದು ಅಜ್ಜಂದಿರನ್ನು ಕೇಳಿ ನೋಡಿ. ಸಿಂಧೂ ನದಿಯ ಮೇಲೆ ಪಂಜಾಬಿನವರಿಗೂ ಸಿಂಧ್ ಪ್ರಾಂತ್ಯದವರಿಗೂ ಅದೇ ಜಗಳ, ಆದರೆ ಸಾವಿರ ಪಾಲು ದೊಡ್ಡದು. ಮೇಲಿನವರು ಕಟ್ಟೆ ಕಟ್ಟಿದರೆ ಕೆಳಗಿನವರ ಹೊಲದ ಗತಿಯೇನು? ಅದನ್ನು ವಿಚಾರಿಸಲು ನೇಮಿಸಿದ ಆಯೋಗಕ್ಕೆ 1941ರಲ್ಲಿ ರಾಯರೇ ಅಧ್ಯಕ್ಷರು. ಮರುವರ್ಷ ವರದಿ ಕೊಟ್ಟರು. ನದಿಯನ್ನು ಊರೂರಿನ ಹಕ್ಕೆಂದು ಹರಿದು ಹಂಚದೆ, ಎಲ್ಲರ ಅಗತ್ಯ ನೋಡಿ ನ್ಯಾಯವಾಗಿ ಪಾಲು ಮಾಡಬೇಕು ಎಂಬ ದಾರಿಯನ್ನು ಆ ವರದಿ ಹಿಡಿಯಿತು.

ಇನ್ನೊಂದು ಹೆಣ್ಣುಮಕ್ಕಳ ಪಾಲಿನದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಪಾಲುಪಾರಿಕತ್ತು ಆಗುವಾಗ ಗಂಡಸರು ಚಾಪೆ ಮೇಲೆ ಕೂತು ಹೊಲ, ತೋಟ, ದನ ಹಂಚಿಕೊಳ್ಳುತ್ತಿದ್ದರು. ಮನೆ ಹೆಣ್ಣುಮಕ್ಕಳು ಒಳಗೆ ಚಹಾ ಮಾಡುತ್ತಿದ್ದರು. ಅವರ ಪಾಲಿಗೆ ಹಬ್ಬಕ್ಕೊಂದು ಸೀರೆ, ಕುಪ್ಪಸ, ಅರಿಶಿನ ಕುಂಕುಮ. ಅಷ್ಟೇ. ಹಿಂದೂ ಕಾನೂನನ್ನು ತಿದ್ದಲು 1941ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು, 1944ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಎರಡು ಸಲವೂ ಅಧ್ಯಕ್ಷರು ನರಸಿಂಗರಾಯರೇ. ಜನ ಅದನ್ನು ರಾವ್ ಸಮಿತಿ ಎಂದೇ ಕರೆದರು. ಮಗಳಿಗೂ ಆಸ್ತಿಯಲ್ಲಿ ಪಾಲು, ಒಬ್ಬನಿಗೆ ಒಬ್ಬಳೇ ಹೆಂಡತಿ, ಬಾಳಲಾಗದ ಮದುವೆಯಿಂದ ಬಿಡುಗಡೆ, ಇವೆಲ್ಲ ಅದರ ಕರಡಿನಲ್ಲಿ ಇದ್ದವು. ಸಮಿತಿ ಊರೂರು ಸುತ್ತಿ ಸಾಕ್ಷ್ಯ ಕೇಳಿತು. ಮೆಚ್ಚಿದವರಿದ್ದರು, ಧರ್ಮ ಕೆಟ್ಟಿತೆಂದು ಕೂಗಾಡಿದವರೂ ಇದ್ದರು.

ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಮಂತ್ರಿಯಾದ ಅಂಬೇಡ್ಕರರು ಆ ಮಸೂದೆಯನ್ನು ತಿದ್ದಿ ಸಂಸತ್ತಿಗೆ ತಂದರು. ಅದು ಮುಂದೆ ಸಾಗಲಿಲ್ಲವೆಂಬ ನೋವೂ ಸೇರಿಯೇ 1951ರಲ್ಲಿ ಅವರು ರಾಜೀನಾಮೆ ಕೊಟ್ಟದ್ದು. ಕೊನೆಗೆ 1955, 1956ರಲ್ಲಿ ಅದೇ ಮಸೂದೆ ತುಂಡುತುಂಡಾಗಿ ಕಾಯಿದೆಯಾಯಿತು. 1994ರಲ್ಲಿ ನಮ್ಮ ಕರ್ನಾಟಕ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. 2005ರಲ್ಲಿ ದೇಶವೆಲ್ಲ, ಮದುವೆಯಾದವರಿಗೂ ಸೇರಿಸಿ, ಅದೇ ಹಕ್ಕು ಬಂತು. ಕಾನೂನು ಎಂಬುದು ಅಡಿಕೆ ಸಸಿಯ ಹಾಗೆ. ನೆಟ್ಟವನೇ ಕೊನೆ ಕೊಯ್ಯುತ್ತಾನೆ ಎಂದಿಲ್ಲ.

ಈ ನಡುವೆ 1944ರಲ್ಲಿ ರಾಯರು ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಿಯಾದರು. ಅವರ ಬಾಳಿನಲ್ಲಿ ರಾಜಕೀಯಕ್ಕೆ ಹತ್ತಿರದ ಹುದ್ದೆ ಅದೊಂದೇ. ಬಾಳಿದ್ದು ಒಂದೂವರೆ ವರ್ಷದೊಳಗೆ. ಮಹಾರಾಜರಿಗೂ ತಮಗೂ ಮೂಲ ವಿಷಯಗಳಲ್ಲೇ ಮನಸ್ಸು ಕೂಡುತ್ತಿಲ್ಲವೆಂದು ಕಂಡಾಗ 1945ರಲ್ಲಿ ಕಾಗದ ಬರೆದಿಟ್ಟು ಹೊರಬಂದರು. ಕುರ್ಚಿಗೆ ಅಂಟಿಕೊಳ್ಳುವ ಗುಣ ಅವರಿಗಿರಲಿಲ್ಲ.

ಈಗ ರಫ್ ಬುಕ್ಕಿಗೆ ಬರೋಣ. 1946ರ ಜುಲೈನಲ್ಲಿ ರಾಯರು ಸಂವಿಧಾನ ಸಭೆಯ ಸಲಹೆಗಾರರಾದರು. ಸಂಬಳ ಬೇಡವೆಂದರು. ಸಭೆಯ ಸದಸ್ಯರಲ್ಲ, ಕೈ ಎತ್ತುವ ಹಕ್ಕೂ ಇಲ್ಲ. ಮೊದಲು ಅವರು ಮಾಡಿದ್ದು ಸದಸ್ಯರಿಗೆ ಪಾಠದ ಪುಸ್ತಕ ಸಿದ್ಧಪಡಿಸುವ ಕೆಲಸ. ಬೇರೆ ಬೇರೆ ದೇಶದವರು ತಮ್ಮ ಸಂವಿಧಾನದಲ್ಲಿ ಏನೇನು ಬರೆದುಕೊಂಡಿದ್ದಾರೆ ಎಂದು ಸಂಗ್ರಹಿಸಿ ಅಚ್ಚು ಹಾಕಿಸಿ ಹಂಚಿದರು. ಮೇಷ್ಟ್ರಾಗಿದ್ದ ನನಗೆ ಇದು ಬಹಳ ಇಷ್ಟ.

ಆಮೇಲೆ ಒಂದು ದೊಡ್ಡ ತೊಡಕು. ಜನರಿಗೆ ಯಾವ ಯಾವ ಹಕ್ಕು ಕೊಡಬೇಕು? ಕೆಲವನ್ನು ನಾಳೆಯೇ ಕೊಡಬಹುದು. ಇನ್ನು ಕೆಲವಕ್ಕೆ ದುಡ್ಡು ಬೇಕು, ಕಟ್ಟಡ ಬೇಕು, ಮೇಷ್ಟ್ರು ಬೇಕು. ಐರ್ಲೆಂಡಿನ ಮಾದರಿ ನೋಡಿ ರಾಯರು ಎರಡು ಗುಂಪು ಮಾಡಲು ಸಲಹೆ ಕೊಟ್ಟರು. ಕೋರ್ಟಿಗೆ ಹೋಗಿ ಕೇಳಬಹುದಾದ ಹಕ್ಕು ಒಂದು ಕಡೆ, ಸರ್ಕಾರ ನಡೆಸಿಕೊಡಬೇಕಾದ ಮಾತು ಇನ್ನೊಂದು ಕಡೆ. ಪಠ್ಯದಲ್ಲಿ ನೀವು ಓದುವ ಮೂಲಭೂತ ಹಕ್ಕು ಮತ್ತು ರಾಜ್ಯ ನಿರ್ದೇಶಕ ತತ್ವ ಇವೇ. ಹದಿನಾಲ್ಕು ವರ್ಷದವರೆಗೆ ಉಚಿತ ಶಿಕ್ಷಣ ಎಂಬುದು ಮೊದಲು ಎರಡನೆಯ ಗುಂಪಿನಲ್ಲಿತ್ತು. ಹತ್ತು ವರ್ಷದೊಳಗೆ ಮಾಡಬೇಕೆಂದು ಬರೆದಿತ್ತು. ಆರರಿಂದ ಹದಿನಾಲ್ಕರ ಮಕ್ಕಳಿಗೆ ಅದು ಹಕ್ಕಾದದ್ದು 2002ರ ತಿದ್ದುಪಡಿಯಲ್ಲಿ, ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ! ಎಷ್ಟು ತಡ ಎಂದು ಮಕ್ಕಳು ಲೆಕ್ಕ ಹಾಕಲಿ.

1947ರ ಅಕ್ಟೋಬರಿನಲ್ಲಿ ಕರಡು ಮುಗಿಸಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡಿಗೆ ಹೊರಟರು. ಅಲ್ಲಿನ ಅನುಭವಿಗಳಿಗೆ ತೋರಿಸಿ ತಪ್ಪು ಒಪ್ಪು ಕೇಳುವುದಕ್ಕೆ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಶಾಸಕರು ಮಾಡಿದ ಕಾನೂನನ್ನು ತೆಗೆದುಹಾಕುವ ಅತಿಯಾದ ಬಲ ನ್ಯಾಯಾಧೀಶರ ಕೈಗೆ ಕೊಡಬೇಡಿ ಎಂದು ಎಚ್ಚರಿಸಿದರು. ನಮ್ಮ 21ನೆಯ ವಿಧಿಯ ಮಾತುಗಳು ಬದಲಾದದ್ದರ ಹಿಂದೆ ಆ ಸಲಹೆ ಇದೆ. ಅದು ಸರಿಯೋ ತಪ್ಪೋ ಎಂಬ ವಾದ ಮುಗಿದಿಲ್ಲ. 1978ರಲ್ಲಿ ನಮ್ಮ ಸುಪ್ರೀಂ ಕೋರ್ಟು ಮನೇಕಾ ಗಾಂಧಿ ಪ್ರಕರಣದಲ್ಲಿ ಅದೇ ವಿಧಿಗೆ ಬೇರೆಯೇ ವಿಶಾಲವಾದ ಅರ್ಥ ಹೇಳಿತು. ನನ್ನನ್ನು ಕೇಳಿದರೆ ಕೋರ್ಟು ಮಾಡಿದ್ದೇ ಸರಿ.

ಹಾಗಾದರೆ ಸಂವಿಧಾನ ಬರೆದದ್ದು ಅಂಬೇಡ್ಕರ್ ಅಲ್ಲವೇ ಎಂದು ಕೆಲವರು ಮೀಸೆ ತಿರುವುತ್ತಾ ಕೇಳುತ್ತಾರೆ. ಅಂಥವರಿಗೆ ನನ್ನ ಉತ್ತರ ಇಷ್ಟೇ. ರಾಯರ ಕರಡಿನಲ್ಲಿ 243 ವಿಧಿ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಕಡೆದು ಸಭೆಗೆ ತಂದಾಗ 315. ಕೊನೆಗೆ 395. ಒಂದೊಂದು ವಿಧಿಗೂ ಎದ್ದುನಿಂತು ಉತ್ತರ ಹೇಳಿ, ತಿದ್ದುಪಡಿಗಳನ್ನು ಎದುರಿಸಿ ದಡ ಸೇರಿಸಿದವರು ಬಾಬಾಸಾಹೇಬರು. ಅದೂ ಸಕ್ಕರೆ ಕಾಯಿಲೆಯ ದೇಹ ಇಟ್ಟುಕೊಂಡು. 1949ರ ನವೆಂಬರ್ 25ರ ಭಾಷಣದಲ್ಲಿ, ಈ ಕೀರ್ತಿ ನನ್ನೊಬ್ಬನದಲ್ಲ, ಮೊದಲ ಕರಡು ಕೊಟ್ಟ ಬಿ.ಎನ್. ರಾಯರಿಗೂ ಪಾಲಿದೆ, ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರಿಗೆ ಇನ್ನೂ ಹೆಚ್ಚಿನ ಪಾಲಿದೆ ಎಂದು ತಾವೇ ಹೇಳಿದರು. ಅವರವರೇ ಹೀಗೆ ಹಂಚಿಕೊಂಡಿರುವಾಗ ನಡುವೆ ನಮ್ಮದೇನು ಪಂಚಾಯಿತಿ?

ರಾಯರ ಕಠಿಣ ಪರೀಕ್ಷೆ ಇನ್ನೂ ಬಾಕಿ ಇತ್ತು. ವಿಶ್ವಸಂಸ್ಥೆಗೆ ನಮ್ಮ ಪ್ರತಿನಿಧಿಯಾಗಿ ನ್ಯೂಯಾರ್ಕಿನಲ್ಲಿದ್ದರು. ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ತಿಂಗಳಿಗೊಂದು ದೇಶಕ್ಕೆ ಬರುತ್ತದೆ. 1950ರ ಜೂನ್ ನಮ್ಮ ಸರದಿ. ಆ ತಿಂಗಳ 25, ಭಾನುವಾರ, ಉತ್ತರ ಕೊರಿಯಾದ ಸೈನ್ಯ ದಕ್ಷಿಣಕ್ಕೆ ನುಗ್ಗಿತು. ಎರಡನೇ ಮಹಾಯುದ್ಧ ಮುಗಿದು ಐದೇ ವರ್ಷ. ಇಡೀ ಲೋಕಕ್ಕೆ ಮತ್ತೆ ಬೆಂಕಿ ಹತ್ತುವ ಭಯ. ಅವತ್ತೇ ಸೇರಿದ ಸಭೆಯ ಅಧ್ಯಕ್ಷ ಕುರ್ಚಿಯಲ್ಲಿ ಮಂಗಳೂರಿನ ಕೆನರಾ ಹೈಸ್ಕೂಲಿನ ಹಳೇ ವಿದ್ಯಾರ್ಥಿ! ಚೀನಾದ ಸ್ಥಾನದ ವಿಷಯಕ್ಕೆ ಮುನಿದು ರಷ್ಯಾ ಸಭೆಗೇ ಬಂದಿರಲಿಲ್ಲ. ಯುದ್ಧ ನಿಲ್ಲಿಸಿ, ಹಿಂದಕ್ಕೆ ಸರಿಯಿರಿ ಎಂಬ ನಿರ್ಣಯಕ್ಕೆ ಭಾರತ ಹೂಂ ಎಂದಿತು.

ಎರಡು ದಿನ ಬಿಟ್ಟು ಇನ್ನೊಂದು ನಿರ್ಣಯ ಬಂತು, ದಕ್ಷಿಣ ಕೊರಿಯಾಕ್ಕೆ ಸೈನ್ಯದ ನೆರವು ಕೊಡಬೇಕೆಂದು. ಈಗ ಹೂಂ ಎಂದರೆ ಯುದ್ಧಕ್ಕೆ ಕೈಜೋಡಿಸಿದಂತೆ. ದೆಹಲಿಯಿಂದ ಅಪ್ಪಣೆ ಬಂದಿಲ್ಲ. ಆಗ ಮೊಬೈಲು ಎಲ್ಲಿತ್ತು? ತಂತಿ ಸಂದೇಶ ಹೋಗಿ ಬರಬೇಕು. ಸುತ್ತ ದೊಡ್ಡ ದೇಶಗಳವರು ಕಾದು ಕೂತಿದ್ದಾರೆ. ರಾಯರು ತಮ್ಮ ಬುದ್ಧಿಯನ್ನು ದೇಶದ ಬುದ್ಧಿ ಎಂದು ಒತ್ತಲಿಲ್ಲ. ಅಪ್ಪಣೆ ಬರುವ ತನಕ ಮತ ಹಾಕುವುದಿಲ್ಲವೆಂದು ಸುಮ್ಮನೆ ಕೂತರು. ಎರಡು ದಿನದ ಮೇಲೆ ದೆಹಲಿ ಆ ನಿರ್ಣಯವನ್ನು ಒಪ್ಪಿತು. ಆದರೆ ಬಂದೂಕಿನವರನ್ನು ಕಳಿಸಲಿಲ್ಲ, ಗಾಯಾಳುಗಳ ಆರೈಕೆಗೆ ಸೇನೆಯ ವೈದ್ಯಕೀಯ ತಂಡವನ್ನು ಕಳಿಸಿತು. ಆ ಡಿಸೆಂಬರಿನಲ್ಲಿ ಕದನ ವಿರಾಮಕ್ಕೆ ದಾರಿ ಹುಡುಕಲು ಮೂವರನ್ನು ನೇಮಿಸಿದಾಗ, ಕೆನಡಾ ಮತ್ತು ಇರಾನಿನವರ ಜೊತೆ ರಾಯರೂ ಒಬ್ಬರು. ಚೀನಾ ಒಪ್ಪಲಿಲ್ಲ, ಪ್ರಯತ್ನ ಕೈಗೂಡಲಿಲ್ಲ. ಯುದ್ಧ 1953ರವರೆಗೂ ಎಳೆಯಿತು.

1952ರ ಫೆಬ್ರುವರಿಯಲ್ಲಿ ರಾಯರು ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಹೇಗ್‌ಗೆ ಹೋದರು. ಹಳಬರು ಹಾಲೆಂಡ್ ಎನ್ನುತ್ತಿದ್ದ ಡಚ್ಚರ ನಾಡು ಅದು. ಅಮೆರಿಕದ ಸಾಹುಕಾರ ಆಂಡ್ರೂ ಕಾರ್ನೆಗಿ ಕೊಟ್ಟ ದುಡ್ಡಿನಲ್ಲಿ ಕಟ್ಟಿ 1913ರಲ್ಲಿ ಬಾಗಿಲು ತೆರೆದ ಶಾಂತಿ ಅರಮನೆಯಲ್ಲಿ ಈ ಕೋರ್ಟು ನಡೆಯುತ್ತದೆ. ಹದಿನೈದು ಜನ ನ್ಯಾಯಾಧೀಶರು, ಎದುರು ನಿಲ್ಲುವವರು ದೇಶಗಳು. ಸ್ವತಂತ್ರ ಭಾರತದಿಂದ ಆ ಪೀಠ ಏರಿದ ಮೊದಲಿಗರು ನರಸಿಂಗರಾಯರು. ಒಂಬತ್ತು ವರ್ಷದ ಹುದ್ದೆ, ಎರಡು ವರ್ಷವೂ ತುಂಬಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅರವತ್ತಾರು ವರ್ಷ.

ಓಟು ಕೇಳುವ ಕೆಲಸವನ್ನು ಅವರ ತಮ್ಮ ಶಿವರಾಯರು ಮಾಡಿದರು. ಪತ್ರಕರ್ತರಾಗಿದ್ದ ಅವರು ಸಂವಿಧಾನ ಸಭೆಯ ಸದಸ್ಯರೂ ಹೌದು, ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಗೆದ್ದವರೂ ಹೌದು. ಇನ್ನೊಬ್ಬ ತಮ್ಮ ರಾಮರಾಯರು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್. ಆ ಕಾಲದ ಹಳೇ ನೋಟು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ಸಹಿ ನೋಡಿ, ಬಿ. ರಾಮ ರಾವ್ ಎಂದಿರುತ್ತದೆ. ಅಣ್ಣನ ನೆನಪಿಗೆ 1988ರಲ್ಲಿ ಅಂಚೆ ಇಲಾಖೆ ಒಂದು ಚೀಟಿ ತಂದಿದೆ. ಸ್ಟಾಂಪು ಕೂಡಿಡುವ ಮಕ್ಕಳು ಹುಡುಕಬಹುದು.