ಎಣ್ಣೆಯ ಮೇಲೆ ತೇಲುವ ಚಕ್ರ

ನಮ್ಮ ಸಹೋದ್ಯೋಗಿಗಳೊಬ್ಬರು ಏಳು ವರ್ಷ ಓಡಿದ್ದ ಟರ್ಬೊ ಡೀಸೆಲ್ ಕಾರೊಂದನ್ನು ಕೊಂಡರು. ಹೊರಮೈ ಹೊಸದರಂತೆ ಹೊಳೆಯುತ್ತಿತ್ತು. ಎಂಜಿನು ಕೀಲಿಯ ಒಂದೇ ತಿರುವಿಗೆ ಓಗೊಡುತ್ತಿತ್ತು. ಎರಡು ತಿಂಗಳ ತರುವಾಯ ಶಿರಾಡಿ ಘಾಟಿಯನ್ನು ಏರುತ್ತಿದ್ದಾಗ ಸೀಟಿಯಂಥ ಸದ್ದೊಂದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿಯೇ ಕಾರಿನ ಬಲ ಕುಗ್ಗಿ, ಹೊಗೆಗೊಳವೆಯಿಂದ ನೀಲಿ ಹೊಗೆ ಹೊರಟಿತು. "ಟರ್ಬೊ ಕೆಟ್ಟಿದೆ" ಎಂದು ದುರಸ್ತಿಯವರು ಹೊಸದೊಂದನ್ನು ಜೋಡಿಸಿದರು. ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟಿದ್ದ ಹಣ ಅದಕ್ಕೆ ಸಂದಿತು. ನಲವತ್ತು ದಿನ ಕಳೆಯುವಷ್ಟರಲ್ಲಿ ಹೊಸ ಟರ್ಬೊ ಸಹ ಹಳೆಯದರ ಹಾದಿಯನ್ನೇ ಹಿಡಿಯಿತು.

ಎರಡು ಸಲವೂ ಕೆಟ್ಟದ್ದು ಒಂದೇ ಭಾಗ. ಆದರೆ ಮೂಲ ದೋಷವಿದ್ದದ್ದು ಆ ಭಾಗದಲ್ಲಲ್ಲ. ಹಾಗಾದರೆ ಎಲ್ಲಿ? ಇದಕ್ಕೆ ಉತ್ತರ ಬೇಕಾದರೆ ಟರ್ಬೊ ಎಂದರೇನು, ಅದು ಯಾವುದರ ಆಸರೆಯಿಂದ ಬದುಕುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕಮ್ಮಾರನ ತಿದಿ

ಕಮ್ಮಾರನು ತಿದಿಯೊತ್ತಿದಾಗ ಕುಲುಮೆಯ ಉರಿ ಹೆಚ್ಚುವುದಷ್ಟೆ. ಇದ್ದಲನ್ನು ಎಷ್ಟೇ ಸುರಿದರೂ ಗಾಳಿಯಿಲ್ಲದೆ ಅದು ಉರಿಯದು. ಎಂಜಿನಿನ ಸಿಲಿಂಡರೂ ಒಂದು ಕುಲುಮೆಯೇ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಆದ್ದರಿಂದ ಚಿಕ್ಕ ಎಂಜಿನಿನಿಂದ ಹೆಚ್ಚು ಬಲವನ್ನು ಪಡೆಯಬೇಕಾದರೆ ಅದರೊಳಕ್ಕೆ ಹೆಚ್ಚು ಗಾಳಿಯನ್ನು ತುರುಕುವ ತಿದಿಯೊಂದು ಬೇಕು.

ಈ ತಿದಿಯನ್ನು ಒತ್ತುವವರು ಯಾರು? ಇಂಧನದಿಂದ ಹುಟ್ಟಿದ ಶಕ್ತಿಯಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು ಬಿಸಿ ಹೊಗೆಯೊಡನೆ ವ್ಯರ್ಥವಾಗಿ ಹೊರಗೆ ಹೋಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಕದಿರಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಬಹುದೆಂಬ ಆಲೋಚನೆಯನ್ನು ಸ್ವಿಟ್ಜರ್ಲೆಂಡಿನ ಎಂಜಿನಿಯರನಾದ ಆಲ್ಫ್ರೆಡ್ ಬ್ಯೂಕಿಯು 1905ರಲ್ಲಿ ಪೇಟೆಂಟಿಗೆ ಸಲ್ಲಿಸಿದನು. ಇದೇ ಟರ್ಬೊದ ಹುಟ್ಟು. ಮೊದಲು ಹಡಗುಗಳ ದೊಡ್ಡ ಎಂಜಿನುಗಳಲ್ಲಿ ನೆಲೆಗೊಂಡ ಈ ಉಪಕರಣ 1962ರಲ್ಲಿ ಅಮೆರಿಕೆಯ ಮಾರಾಟದ ಕಾರುಗಳಿಗೂ ಬಂದಿತು.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡವನ್ನು ಮುಟ್ಟಿದವರೆಲ್ಲರೂ ಇದನ್ನು ಬಲ್ಲರು. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ತಂದರೆ, ನಷ್ಟವೇ ಇಲ್ಲದ ಆದರ್ಶ ಯಂತ್ರದಲ್ಲಿಯೂ ಅದರ ಉಷ್ಣತೆ 93 ಡಿಗ್ರಿಗೆ ಏರುವುದು. ನೂರಕ್ಕೆ 70ರಷ್ಟು ದಕ್ಷತೆಯುಳ್ಳ ಯಂತ್ರದಲ್ಲಿ ಅದು 120 ಡಿಗ್ರಿಯನ್ನು ದಾಟುವುದು. ಬಿಸಿಗಾಳಿ ಹಿಗ್ಗುವುದರಿಂದ, ಒತ್ತಡ ಎರಡರಷ್ಟಾದರೂ ಸಾಂದ್ರತೆ ಒಂದೂವರೆಯಷ್ಟು ಮಾತ್ರ ಆಗುವುದು. ಅದನ್ನು 50 ಡಿಗ್ರಿಗೆ ತಣಿಸಿದರೆ ಸಾಂದ್ರತೆ ಸುಮಾರು 1.85ರಷ್ಟಾಗುವುದು. ಟರ್ಬೊ ಮತ್ತು ಎಂಜಿನಿನ ನಡುವೆ ಇಂಟರ್‌ಕೂಲರ್ ಎಂಬ ತಣಿಸುವ ಪೆಟ್ಟಿಗೆಯನ್ನು ಇಟ್ಟಿರುವುದು ಇದಕ್ಕಾಗಿಯೇ.

ವೇಗದ ಲೆಕ್ಕ

ಟರ್ಬೊ ಚಕ್ರದ ಅಳತೆ ಕಿರಿದು, ವೇಗ ಬಲು ಹಿರಿದು. 5 ಸೆಂಟಿಮೀಟರ್ ವ್ಯಾಸದ ಚಕ್ರವೊಂದು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ಕಾರಿನ ಟರ್ಬೊಗಳಿಗೆ ಇದು ಅಸಾಧಾರಣ ವೇಗವೇನಲ್ಲ. ಸೆಕೆಂಡಿಗೆ 2500 ಸುತ್ತು! ಅದರ ಅಂಚು ಸೆಕೆಂಡಿಗೆ ಸುಮಾರು 390 ಮೀಟರ್ ವೇಗದಿಂದ ಚಲಿಸುವುದು. ಗಾಳಿಯಲ್ಲಿ ಶಬ್ದದ ವೇಗವಾದರೋ ಸುಮಾರು 345 ಮೀಟರ್.

ಅಂಚಿನಲ್ಲಿರುವ ಒಂದು ಕಣದ ವೇಗೋತ್ಕರ್ಷವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಅದು ಗುರುತ್ವದ ವೇಗೋತ್ಕರ್ಷದ ಆರು ಲಕ್ಷ ಪಟ್ಟಿಗೂ ಹೆಚ್ಚು. ಅಂದರೆ ಅಲ್ಲಿರುವ ಒಂದು ಗ್ರಾಂ ಲೋಹವನ್ನು ಹಿಡಿದಿಡಲು 600 ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲ ಬೇಕು. ಅಲಗಿನ ತುದಿಯಿಂದ ಗ್ರಾಮಿನ ಹತ್ತನೆಯ ಒಂದು ಪಾಲು ಮುರಿದು ಹೋದರೂ ಸಾಕು. ಸಮತೋಲ ತಪ್ಪಿ, 60 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಸೆಕೆಂಡಿಗೆ 2500 ಸಲ ದಿಕ್ಕು ಬದಲಿಸುತ್ತ ಕದಿರನ್ನು ಅಲುಗಿಸುವುದು.

ಇಂಥ ಕದಿರು ಯಾವುದರ ಮೇಲೆ ನಿಂತಿದೆ? ಬಹುಪಾಲು ಕಾರುಗಳಲ್ಲಿ ಅದು ಲೋಹದ ಮೇಲೆ ನಿಂತಿಲ್ಲ. ಮಿಲಿಮೀಟರಿನ ನೂರನೆಯ ಕೆಲವೇ ಪಾಲು ದಪ್ಪದ ಎಣ್ಣೆಯ ಪದರದ ಮೇಲೆ ತೇಲುತ್ತಿದೆ!

ಹಾರಿದ ಬಿರಡೆ

ಎಣ್ಣೆ ಇಷ್ಟು ಭಾರವನ್ನು ಹೊರಬಲ್ಲದೆ ಎಂಬ ಸಂದೇಹ ಸಹಜ. ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರನು 1880ರ ದಶಕದಲ್ಲಿ ರೈಲುಗಾಡಿಯ ಅಚ್ಚುಗಳ ಬೇರಿಂಗನ್ನು ಪರೀಕ್ಷಿಸುತ್ತಿದ್ದನು. ಬೇರಿಂಗಿನ ನೆತ್ತಿಯಲ್ಲಿ ಎಣ್ಣೆ ಹಾಕಲೆಂದು ಒಂದು ರಂಧ್ರವನ್ನು ಕೊರೆದಾಗ, ಅಚ್ಚು ತಿರುಗುತ್ತಿದ್ದಂತೆ ಎಣ್ಣೆಯೇ ಮೇಲಕ್ಕುಕ್ಕಿತು. ರಂಧ್ರಕ್ಕೆ ಬಿರಡೆಯನ್ನು ಜಡಿದರೆ ಆ ಬಿರಡೆಯೂ ಹೊರದೂಡಲ್ಪಟ್ಟಿತು. ಒತ್ತಡಮಾಪಕವನ್ನು ಜೋಡಿಸಿದಾಗ, ಬೇರಿಂಗಿನ ಮೇಲಿದ್ದ ಸರಾಸರಿ ಒತ್ತಡದ ಎರಡರಷ್ಟನ್ನೂ ಮೀರಿದ ಒತ್ತಡ ಎಣ್ಣೆಯಲ್ಲಿ ಕಂಡುಬಂದಿತು. ಅಚ್ಚು ತನ್ನ ತಿರುಗುವಿಕೆಯಿಂದಲೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು, ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುತ್ತಿತ್ತು. ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸನು 1886ರಲ್ಲಿ ಪ್ರಕಟಿಸಿದನು.

ಟರ್ಬೊದ ಕದಿರು ತೇಲುವುದೂ ಇದೇ ತತ್ತ್ವದಿಂದ. ಆದರೆ ಸಂದಿಗೆ ಸದಾ ಹೊಸ ಎಣ್ಣೆ ಬರುತ್ತಿರಬೇಕು. ಅದು ಕೆಲವು ಸೆಕೆಂಡು ತಪ್ಪಿದರೂ ಲೋಹಕ್ಕೆ ಲೋಹ ತಾಗುವುದು.

ಕರಕಲಾದ ಕೊಳವೆ

ಟರ್ಬೊದಲ್ಲಿ ಎಣ್ಣೆಗೆ ಎರಡು ಕೆಲಸಗಳಿವೆ: ಕದಿರನ್ನು ತೇಲಿಸುವುದು ಒಂದು, ಶಾಖವನ್ನು ಒಯ್ಯುವುದು ಇನ್ನೊಂದು. ಡೀಸೆಲ್ ಎಂಜಿನು ಹೆಚ್ಚು ಭಾರವನ್ನು ಎಳೆಯುವಾಗ ಹೊಗೆಯ ಉಷ್ಣತೆ 700 ಡಿಗ್ರಿಯನ್ನು ಮೀರಬಹುದು. ಪೆಟ್ರೋಲ್ ಎಂಜಿನಿನಲ್ಲಿ ಇನ್ನೂ ಹೆಚ್ಚು. ಎಂಜಿನು ನಡೆಯುತ್ತಿರುವಾಗ ಹರಿಯುವ ಎಣ್ಣೆ ಬೇರಿಂಗನ್ನು ತಂಪಾಗಿಡುತ್ತದೆ. ಘಾಟಿಯನ್ನು ಹತ್ತಿ ಬಂದೊಡನೆ ಎಂಜಿನನ್ನು ನಿಲ್ಲಿಸಿದರೆ ಎಣ್ಣೆಯ ಹರಿವೂ ನಿಲ್ಲುವುದು. ಆದರೆ ಕೆಂಪಗೆ ಕಾದ ಕವಚದ ಶಾಖ ನಿಲ್ಲದೆ ಬೇರಿಂಗಿನ ಕಡೆಗೆ ಹರಿಯುವುದು. ಅಲ್ಲಿ ಸಿಕ್ಕಿಬಿದ್ದ ಎಣ್ಣೆ, ಒಲೆಯ ಮೇಲೆ ಮರೆತ ಬಾಣಲೆಯ ಜಿಡ್ಡಿನಂತೆ ಕರಕಲಾಗುವುದು. ಈಚಿನ ಅನೇಕ ಪೆಟ್ರೋಲ್ ಕಾರುಗಳಲ್ಲಿ ಟರ್ಬೊವನ್ನು ನೀರಿನಿಂದಲೂ ತಣಿಸುವ ಏರ್ಪಾಡಿದೆ. ಎಲ್ಲ ಕಾರುಗಳಲ್ಲಿಯೂ ಅದಿಲ್ಲ. ಆದ್ದರಿಂದ ಕಡಿದಾದ ದಾರಿಯನ್ನು ಏರಿದ ಬಳಿಕ ಎಂಜಿನನ್ನು ಒಂದೆರಡು ನಿಮಿಷ ಮಂದಗತಿಯಲ್ಲಿ ನಡೆಯಗೊಟ್ಟು ಅನಂತರ ನಿಲ್ಲಿಸುವುದು ಒಳ್ಳೆಯದು.

ಕಾಲಕ್ಕೆ ಸರಿಯಾಗಿ ಎಣ್ಣೆಯನ್ನು ಬದಲಿಸದಿದ್ದರೆ ಈ ಕೇಡು ಇನ್ನೂ ಬೇಗ ಬರುವುದು. ಮಸಿ ತುಂಬಿದ ಹಳೆಯ ಎಣ್ಣೆ ಗಟ್ಟಿಯಾಗಿ, ಎಣ್ಣೆ ತರುವ ಸಣ್ಣ ಕೊಳವೆಯ ಒಳಗೋಡೆಗೆ ಕರಿಯ ಪದರವಾಗಿ ಅಂಟಿಕೊಳ್ಳುವುದು. ಇಲ್ಲಿ ಭೌತಶಾಸ್ತ್ರದ ಕಠಿಣವಾದ ನಿಯಮವೊಂದು ಅಡ್ಡ ಬರುತ್ತದೆ. ನಮ್ಮ ದೇಹದ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹರಿಯುವ ರೀತಿಯನ್ನು ತಿಳಿಯಲು ಹೊರಟ ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯನು 1840ರ ಸುಮಾರಿಗೆ ಇದನ್ನು ಪ್ರಯೋಗಗಳಿಂದ ಕಂಡುಕೊಂಡನು: ಕಿರಿದಾದ ಕೊಳವೆಯಲ್ಲಿ ದ್ರವದ ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತವಾಗಿರುತ್ತದೆ. 4 ಮಿಲಿಮೀಟರ್ ವ್ಯಾಸದ ದಾರಿ ಕರಕಲಿನಿಂದ 2 ಮಿಲಿಮೀಟರಿಗೆ ಇಳಿದರೆ, ಅದೇ ಒತ್ತಡದಲ್ಲಿ ಹರಿವು ಅರ್ಧವಾಗುವುದಿಲ್ಲ. ಹದಿನಾರನೆಯ ಒಂದು ಪಾಲಾಗುವುದು!

ನಮ್ಮ ಸಹೋದ್ಯೋಗಿಗಳ ಕಾರಿನ ಗುಟ್ಟು ಇದೇ ಆಗಿತ್ತು. ಎರಡನೆಯ ಸಲ ಬೇರೊಬ್ಬ ಹಿರಿಯ ಮೆಕ್ಯಾನಿಕ್ ಆ ಕೊಳವೆಯನ್ನು ಕತ್ತರಿಸಿ ತೋರಿಸಿದಾಗ ಒಳಗೆ ದಬ್ಬಳ ತೂರುವಷ್ಟು ಮಾತ್ರ ದಾರಿ ಉಳಿದಿತ್ತು. ಮೊದಲ ದುರಸ್ತಿಯಲ್ಲಿ ಹಳೆಯ ಕೊಳವೆಗೇ ಹೊಸ ಟರ್ಬೊವನ್ನು ಸೇರಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಮರೆತುಹೋದ ದ್ರವ

ಒಡೆಯನ ಅರಿವಿಲ್ಲದೆ ಟರ್ಬೊ ಬಾಳದೆಂಬುದಕ್ಕೆ ಮೊತ್ತಮೊದಲ ಟರ್ಬೊ ಕಾರುಗಳಲ್ಲೊಂದಾದ ಆಲ್ಡ್ಸ್‌ಮೊಬೈಲ್ ಜೆಟ್‌ಫೈರೇ ಸಾಕ್ಷಿ. ಪೆಟ್ರೋಲ್ ಎಂಜಿನಿನಲ್ಲಿ ಒತ್ತಡವೂ ಉಷ್ಣತೆಯೂ ಮಿತಿಮೀರಿದರೆ ಇಂಧನ ಹದವಾಗಿ ಉರಿಯುವ ಬದಲು ಸಿಡಿಯುವುದು. ಈ ಬಡಿತ ಪಿಸ್ಟನ್ನನ್ನೇ ಒಡೆಯಬಲ್ಲದು. ಅದನ್ನು ತಡೆಯಲು ಜೆಟ್‌ಫೈರಿನಲ್ಲಿ ನೀರು ಮತ್ತು ಮೆಥನಾಲುಗಳ ಮಿಶ್ರಣವನ್ನು ಗಾಳಿಯೊಡನೆ ಚಿಮುಕಿಸುತ್ತಿದ್ದರು. ಆ ದ್ರವದ ತೊಟ್ಟಿಯನ್ನು ಒಡೆಯರು ಆಗಾಗ ತುಂಬಬೇಕಾಗಿತ್ತು. ಅನೇಕರು ಮರೆತರು. ತೊಟ್ಟಿ ಬರಿದಾದರೆ ರಕ್ಷಣೆಗೆಂದಿಟ್ಟ ಕವಾಟ ಗಾಳಿಯ ಒತ್ತಡವನ್ನು ತಗ್ಗಿಸಿ, ಕಾರು ಬಲಗುಂದುತ್ತಿತ್ತು. 1962 ಮತ್ತು 1963ರ ಮಾದರಿಗಳೊಡನೆ ಆ ಕಾರಿನ ತಯಾರಿಕೆ ಮುಗಿಯಿತು. ಮುಂದೆ ಹಲವು ಕಾರುಗಳ ಟರ್ಬೊವನ್ನು ತೆಗೆದು ಸಾಮಾನ್ಯ ಕಾರ್ಬ್ಯುರೇಟರನ್ನು ಇಟ್ಟರು. ಯಂತ್ರದ ಕಲ್ಪನೆ ಚೆನ್ನಾಗಿಯೇ ಇತ್ತು. ಅದನ್ನು ಬಳಸುವವರಿಗೆ ಅದರ ಹಸಿವು ತಿಳಿದಿರಲಿಲ್ಲ.

ದಾರಿಯಲ್ಲಿ ಕೆಟ್ಟಾಗ

ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿದರೆ ಮುಂದಿನ ಊರಿನವರೆಗೆ ಹೋಗೋಣವೆಂಬ ಆಸೆಯನ್ನು ಬಿಡಬೇಕು. ಕಾರನ್ನು ಬದಿಗೆ ತಂದು ಎಂಜಿನನ್ನು ಕೂಡಲೇ ನಿಲ್ಲಿಸತಕ್ಕದ್ದು. ಒಂದೆರಡು ನಿಮಿಷ ಮಂದವಾಗಿ ನಡೆಯಗೊಡಬೇಕೆಂಬ ಮೇಲಿನ ಮಾತು ಇಲ್ಲಿ ಸಲ್ಲದು. ಎಣ್ಣೆಯಿಲ್ಲದೆ ಎಂಜಿನು ತಿರುಗಿದಷ್ಟೂ ನಷ್ಟವೇ. ನೀಲಿ ಹೊಗೆ, ಏರುತ್ತಿರುವ ಸೀಟಿಯ ಸದ್ದು, ದಿಢೀರನೆ ಕುಗ್ಗಿದ ಬಲ, ಇವು ಕಂಡಾಗಲೂ ಪ್ರಯಾಣವನ್ನು ಮುಂದುವರಿಸಬಾರದು.

ಡೀಸೆಲ್ ಕಾರಿನಲ್ಲಿ ಪ್ರಾಣಕ್ಕೇ ಅಪಾಯ ತರಬಲ್ಲ ಇನ್ನೊಂದು ಸಂಗತಿಯುಂಟು. ಟರ್ಬೊದ ಎಣ್ಣೆ ಗಾಳಿಯ ದಾರಿಯನ್ನು ಸೇರಿದರೆ ಎಂಜಿನು ಅದನ್ನೇ ಇಂಧನವಾಗಿ ಉರಿಸಿಕೊಂಡು ತನ್ನಷ್ಟಕ್ಕೆ ತಾನೇ ಆರ್ಭಟಿಸತೊಡಗಬಹುದು. ಕೀಲಿಯನ್ನು ತಿರುಗಿಸಿದರೆ ಡೀಸೆಲ್ ನಿಲ್ಲುವುದೇ ಹೊರತು ಎಣ್ಣೆ ನಿಲ್ಲದು. ಕೈಯಿಂದ ಗೇರ್ ಬದಲಿಸುವ ಕಾರಾದರೆ, ಕಾರನ್ನು ನಿಲ್ಲಿಸಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಅತ್ಯುಚ್ಚ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಟ್ಟು ಎಂಜಿನನ್ನು ಉಸಿರುಗಟ್ಟಿಸಬೇಕು. ಅದು ಸಾಧ್ಯವಾಗದಿದ್ದರೆ ಎಲ್ಲರೂ ಇಳಿದು ದೂರ ಸರಿಯಬೇಕು. ಮುಚ್ಚಳವನ್ನೆತ್ತಿ ಗಾಳಿಯ ಬಾಯಿಗೆ ಕೈಯನ್ನು ಅಡ್ಡ ಹಿಡಿಯುವ ಸಾಹಸವನ್ನು ಯಾರೂ ಮಾಡಕೂಡದು.

ದುರಸ್ತಿಗೆ ಮುನ್ನ

ಮೊದಲು ಕೇಳಬೇಕಾದ ಪ್ರಶ್ನೆ 'ಯಾವ ಭಾಗ ಕೆಟ್ಟಿತು?' ಎಂಬುದಲ್ಲ, 'ಏಕೆ ಕೆಟ್ಟಿತು?' ಎಂಬುದು. ಎಣ್ಣೆಯ ಒತ್ತಡವನ್ನು ಮಾಪಕದಿಂದಲೇ ಅಳೆಯಿಸಬೇಕು. ಎಣ್ಣೆಯ ಸೋಸುಕವನ್ನು ಕತ್ತರಿಸಿ ಬಿಡಿಸಿ ನೋಡಬೇಕು. ಅದರಲ್ಲಿ ಲೋಹದ ಹೊಳೆಯುವ ಚೂರುಗಳಿದ್ದರೆ ಎಂಜಿನಿನ ಬೇರಿಂಗುಗಳೂ ಸವೆದಿರಬಹುದು. ಆಗ ಟರ್ಬೊವೊಂದನ್ನೇ ಬದಲಿಸುವುದು ವ್ಯರ್ಥ. ಸಿಲಿಂಡರುಗಳ ಒತ್ತಡವನ್ನು ಪರೀಕ್ಷಿಸಿದ ಬಳಿಕವೇ ಎಂಜಿನನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸಬೇಕು.

ಟರ್ಬೊ ಮಾತ್ರ ಕೆಟ್ಟಿದ್ದರೆ, ಅದರೊಡನೆ ಎಣ್ಣೆ, ಸೋಸುಕ ಮತ್ತು ಎಣ್ಣೆ ತರುವ ಕೊಳವೆಗಳನ್ನೂ ಬದಲಿಸಬೇಕು. ಎಣ್ಣೆ ಹಿಂತಿರುಗುವ ಕೊಳವೆ ತೆರವಾಗಿರಬೇಕು. ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನೂ ಮುರಿದ ಅಲಗಿನ ಚೂರುಗಳನ್ನೂ ತೆಗೆಯದಿದ್ದರೆ ಅವು ಸಿಲಿಂಡರನ್ನು ಸೇರುವುವು. ಹೊಸ ಟರ್ಬೊದ ಬೇರಿಂಗಿಗೆ ಎಣ್ಣೆಯುಣಿಸಿದ ಮೇಲೆಯೇ ಎಂಜಿನನ್ನು ನಡೆಸತಕ್ಕದ್ದು.

ಹಳೆಯ ಟರ್ಬೊ ಕಾರನ್ನು ಕೊಳ್ಳುವವರಿಗೂ ಇದರಲ್ಲಿ ಪಾಠವಿದೆ. ಬಣ್ಣಕ್ಕಿಂತ ಮೊದಲು ಎಣ್ಣೆ ಬದಲಿಸಿದ ದಾಖಲೆಗಳನ್ನು ನೋಡಬೇಕು. ಎಣ್ಣೆ ತುಂಬುವ ಬಾಯಿಯ ಮುಚ್ಚಳವನ್ನು ತೆಗೆದರೆ ಒಳಗೆ ಕರಿಯ ಕೆಸರಿದೆಯೇ ಎಂಬುದು ತಿಳಿಯುವುದು. ಎಂಜಿನು ಪೂರ್ತಿ ತಣ್ಣಗಿರುವಾಗ ತಾವೇ ಚಾಲನೆ ಮಾಡಿ ಹೊಗೆಯ ಬಣ್ಣವನ್ನು ಗಮನಿಸಬೇಕು. ಎಂಜಿನು ನಿಂತಿರುವಾಗ ಗಾಳಿಯ ಕೊಳವೆಯನ್ನು ಬಿಡಿಸಿ ಕದಿರನ್ನು ಬೆರಳಿನಿಂದ ಅಲುಗಿಸಿದರೆ ಪಕ್ಕಕ್ಕೆ ತುಸು ಸಡಿಲವಿರುವುದು ಸಹಜ. ಅದು ಎಣ್ಣೆಗಾಗಿ ಬಿಟ್ಟ ಸಂದು. ಮುಂದಕ್ಕೂ ಹಿಂದಕ್ಕೂ ಅಲುಗುವುದು ಕೈಗೆ ತಿಳಿದರೆ, ಇಲ್ಲವೆ ಅಲಗುಗಳು ಕವಚಕ್ಕೆ ತಾಗಿದ ಗುರುತು ಕಂಡರೆ, ಆ ಕಾರನ್ನು ಬಿಡುವುದೇ ಲೇಸು.

ನಮ್ಮ ಸಹೋದ್ಯೋಗಿಗಳ ಕಾರಿಗೆ ಮೂರನೆಯ ಟರ್ಬೊ ಬಂದಿತು. ಅದರೊಡನೆ ಹೊಸ ಕೊಳವೆಯೂ ಬಂದಿತು. ಎರಡು ವರ್ಷಗಳಾದುವು, ಈಗಲೂ ಅದು ಘಾಟಿಯನ್ನು ಏರುತ್ತಿದೆ. ಟರ್ಬೊದ ಬೆಲೆಯ ಮುಂದೆ ಆ ಕೊಳವೆಯ ಬೆಲೆ ಲೆಕ್ಕಕ್ಕೇ ಬಾರದಷ್ಟು. ಕತ್ತರಿಸಿದ ಹಳೆಯ ಕೊಳವೆಯ ತುಂಡನ್ನು ಅವರು ನಮಗೆ ಕೊಟ್ಟರು. ದ್ರವಗಳ ಹರಿವಿನ ಪಾಠವನ್ನು ಆರಂಭಿಸುವ ದಿನ ನಾವು ಅದನ್ನು ತರಗತಿಗೆ ಒಯ್ದು, ಸೂತ್ರವನ್ನು ಬರೆಯುವ ಮೊದಲು ವಿದ್ಯಾರ್ಥಿಗಳ ಕೈಗೆ ಕೊಡುತ್ತೇವೆ.