ಗೆಳೆಯರ ಜೊತೆ ಕೊನೆಯ ಹಾಡುಗಳು

ಬ್ಲೂಗ್ರಾಸ್ ಸಂಗೀತಕ್ಕೆ ಅಡಿಪಾಯ ಹಾಕಿದವರು ಅಮೆರಿಕದ ಕೆಂಟಕಿಯ ಬಿಲ್ ಮನ್ರೋ. ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲುಗಳು ಮಿಂಚುವ ಈ ಸಂಗೀತದಲ್ಲಿ ಗಿಟಾರಿಗೆ ಬಹುಕಾಲ ತಾಳ ಹಿಡಿದು ನಿಲ್ಲುವ ಕೆಲಸವೇ ಹೆಚ್ಚು. ಕ್ಲಾರೆನ್ಸ್ ವೈಟ್, ಟೋನಿ ರೈಸ್ ಅವರಂಥವರು ಅದನ್ನು ಮುಂದಕ್ಕೆ ತಂದರು.

ಗಿಟಾರ್ ವಾದಕ ಚಾರ್ಲ್ಸ್ ಸಾಟೆಲ್ ಅವರ ದಾರಿ ಬೇರೆ. ವೇಗದ ಪ್ರದರ್ಶನ ಅವರಿಗೆ ಬೇಕಿರಲಿಲ್ಲ. ಸ್ವರಗಳ ನಡುವೆ ಜಾಗ ಬಿಡುತ್ತಿದ್ದರು. ಕೇಳುಗ ನಿರೀಕ್ಷಿಸದ ಕಡೆ ಒಂದು ಸ್ವರ ಇಡುತ್ತಿದ್ದರು. ಇಂಥ ಸಂಯಮ ವೇಗಕ್ಕಿಂತ ಕಷ್ಟದ್ದು. 1978ರಲ್ಲಿ ಕೊಲೊರಾಡೊದಲ್ಲಿ ಶುರುವಾದ, ಟಿಮ್ ಓಬ್ರಯನ್, ಪೀಟ್ ವರ್ನಿಕ್, ನಿಕ್ ಫಾರ್ಸ್ಟರ್ ಜೊತೆ ಅವರು ನುಡಿಸಿದ 'ಹಾಟ್ ರೈಜ್' ತಂಡಕ್ಕೆ 1990ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘದ ಮೊದಲ 'ವರ್ಷದ ಮನರಂಜಕ' ಪ್ರಶಸ್ತಿ ಬಂತು.

ಆಮೇಲೆ ರಕ್ತದ ಕ್ಯಾನ್ಸರ್. ಆದರೂ ಸಾಟೆಲ್ ಧ್ವನಿಮುದ್ರಣ ಬಿಡಲಿಲ್ಲ. ಕೊಲೊರಾಡೊದ ತಮ್ಮ ಮನೆಯ ಸ್ಟುಡಿಯೊ 'ರಾಂಚೊ ಡೆವಿಲ್'ಗೆ ಗೆಳೆಯರನ್ನು ಕರೆದರು. ಪಿಟೀಲಿನ ದಿಗ್ಗಜ ವಾಸರ್ ಕ್ಲೆಮೆಂಟ್ಸ್, ಗಾಯಕ ಪೀಟರ್ ರೋವನ್, ಮ್ಯಾಂಡೊಲಿನ್ ವಾದಕ ಡೇವಿಡ್ ಗ್ರಿಸ್ಮನ್ ಮೊದಲಾದವರು ಆ ಹಾಡುಗಳಿಗೆ ಜೊತೆಯಾದರು. ಇಷ್ಟು ದೊಡ್ಡ ಕಲಾವಿದರು ಒಬ್ಬ ಮಿತಭಾಷಿ ಗಿಟಾರಿಗನಿಗಾಗಿ ಕೂಡಿದ್ದೇ ಅವರ ಮೇಲಿದ್ದ ಪ್ರೀತಿಗೆ ಸಾಕ್ಷಿ.

1999ರ ಮಾರ್ಚ್‌ನಲ್ಲಿ ಸಾಟೆಲ್ ತೀರಿಕೊಂಡರು. ಆ ಹಾಡುಗಳ 'ಮ್ಯೂಸಿಕ್ ಫ್ರಮ್ ರಾಂಚೊ ಡೆವಿಲ್' ಎಂಬ ಆಲ್ಬಂ 2001ರಲ್ಲಿ ಗ್ರಿಸ್ಮನ್ ಅವರದೇ ಅಕೌಸ್ಟಿಕ್ ಡಿಸ್ಕ್ ಕಂಪನಿಯಿಂದ ಹೊರಬಂತು. ಹಾಟ್ ರೈಜ್‌ನಲ್ಲಿ ಅವರ ಜಾಗಕ್ಕೆ ಮುಂದೆ ಬ್ರಯನ್ ಸಟನ್ ಬಂದರು.