ಕಾಡು ಕಾಯುತ್ತ ಪ್ರಾಣ ಕೊಟ್ಟವರು

ದಸರಾದಲ್ಲಿ ನಾವು ಬನ್ನಿ ಮುಡಿಯುತ್ತೇವೆ. ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತೇವೆ. ಅದೇ ಬನ್ನಿ ಮರಕ್ಕಾಗಿ ಒಬ್ಬ ತಾಯಿ ಪ್ರಾಣ ಬಿಟ್ಟಳು. ಗೊತ್ತೇನಕ್ಕಾ?

ಅವಳ ಹೆಸರು ಅಮೃತಾದೇವಿ. ಊರು ರಾಜಸ್ಥಾನದ ಖೇಜಡ್ಲಿ. ಅದು ಮರಳು ಸೀಮೆ. ಅಲ್ಲಿ ಬನ್ನಿಯೇ ನೆರಳು, ಬನ್ನಿಯೇ ಮೇವು. ನಮಗೆ ತೆಂಗು ಇದ್ದ ಹಾಗೆ. 1730ರಲ್ಲಿ ಜೋಧಪುರದ ರಾಜನ ಆಳುಗಳು ಕೊಡಲಿ ಹಿಡಿದು ಬಂದರು. ಅರಮನೆ ಕಟ್ಟಲು ಸುಣ್ಣ ಸುಡಬೇಕಿತ್ತು. ಅದಕ್ಕೆ ಸೌದೆ ಬೇಕಿತ್ತು. ಅಮೃತಾದೇವಿ ಮರ ತಬ್ಬಿ ನಿಂತಳು. ಕೊಡಲಿ ಅವಳ ಮೇಲೇ ಬಿತ್ತು. ಅವಳ ಮೂರು ಹೆಣ್ಣುಮಕ್ಕಳೂ ಹಾಗೇ ಸತ್ತರು. ಸುತ್ತಲ ಹಳ್ಳಿಯ ಬಿಷ್ಣೋಯಿ ಜನ ಓಡಿ ಬಂದರು. ಅವರೂ ಮರ ತಬ್ಬಿದರು. ಸತ್ತವರು ಒಟ್ಟು 363 ಜನ. ಆಮೇಲೆ ರಾಜ ಮರ ಕಡಿಯುವುದನ್ನು ನಿಲ್ಲಿಸಿದ.

ಆ ನೆನಪಿಗಾಗಿಯೇ ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. 2013ರಿಂದ ಇಡೀ ದೇಶದಲ್ಲಿ ನಡೆಯುತ್ತಿದೆ. ಬೆಂಗಳೂರಿನ ಅರಣ್ಯ ಭವನದಲ್ಲಿ ಸ್ಮಾರಕಕ್ಕೆ ಹೂವಿಟ್ಟು ನಮಸ್ಕರಿಸುತ್ತಾರೆ. ಕಾಡು ಕಾಯುತ್ತ ಸತ್ತವರೇ ಅರಣ್ಯ ಹುತಾತ್ಮರು.

ಫಾರೆಸ್ಟ್ ಗಾರ್ಡ್ ಅಂದರೆ ಸೌದೆ ಹೊರೆ ಕಿತ್ತುಕೊಳ್ಳೋನು ಅಂತ ನಮ್ಮ ಹೆಂಗಸರ ಮಾತು. ಅದು ಪೂರಾ ಸುಳ್ಳೂ ಅಲ್ಲ. ಒಲೆ ಉರಿಯಬೇಕಲ್ಲ! ಆದರೆ ತೋಟಕ್ಕೆ ಚಿರತೆ ಬಂದರೆ ನಾವು ಕರೆಯೋದು ಯಾರನ್ನ? ಅವರನ್ನೇ.

ಪಿ. ಶ್ರೀನಿವಾಸ್ ಅಂತ ಒಬ್ಬ ಅರಣ್ಯ ಅಧಿಕಾರಿ ಇದ್ದರು. ವೀರಪ್ಪನ್ ಆನೆ ಕೊಂದು ದಂತ ಮಾರುತ್ತಿದ್ದ. ಗಂಧದ ಮರ ಕದಿಯುತ್ತಿದ್ದ. ಶ್ರೀನಿವಾಸ್ ಬರೀ ಬಂದೂಕು ನಂಬಲಿಲ್ಲ. ವೀರಪ್ಪನ್ ಊರಾದ ಗೋಪಿನಾಥಂಗೇ ಹೋದರು. ಜನರಿಗೆ ಕುಡಿಯುವ ನೀರು, ಔಷಧಿ ಕೊಡಿಸಿದರು. ಮಾರಿಯಮ್ಮನ ಗುಡಿ ಕಟ್ಟಿಸಿದರು. ವೀರಪ್ಪನ್ ಶರಣಾಗುತ್ತಾನೆ ಎಂಬ ಮಾತು ಬಂತು. ನಂಬಿ ಬರಿಗೈಯಲ್ಲಿ ಕಾಡಿಗೆ ಹೋದರು. 1991ರ ನವೆಂಬರ್ 10ರಂದು ಅವನು ಅವರನ್ನು ಗುಂಡಿಕ್ಕಿ ಕೊಂದ. ಆಗ ಅವರಿಗೆ 37 ವರ್ಷ. ಸರ್ಕಾರ ಅವರಿಗೆ ಕೀರ್ತಿ ಚಕ್ರ ಕೊಟ್ಟಿತು. ಗೋಪಿನಾಥಂ ಜನ ಇವತ್ತೂ ಅವರನ್ನು ನೆನೆಯುತ್ತಾರೆ. ನನಗೆ ಚಕ್ರಕ್ಕಿಂತ ಇದೇ ದೊಡ್ಡದು ಅನಿಸುತ್ತದೆ.

ಎಲ್ಲರೂ ಕಳ್ಳರ ಕೈಯಲ್ಲೇ ಸಾಯಲಿಲ್ಲ. 2018ರ ಮಾರ್ಚ್‌ನಲ್ಲಿ ನಾಗರಹೊಳೆಯ ದೊಡ್ಡ ಅಧಿಕಾರಿ ಮಣಿಕಂಠನ್ ಅವರನ್ನು ಆನೆ ತುಳಿಯಿತು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ಮುರಿಗೆಪ್ಪ ಎಂಬ ಗಾರ್ಡ್ ಬೆಂಕಿ ಆರಿಸಲು ಹೋದರು. ಇನ್ನೂ ಹುಡುಗ ವಯಸ್ಸು. ಬೇಸಿಗೆಯ ಒಣಹುಲ್ಲು, ಮೇಲೆ ಗಾಳಿ. ಉರಿ ಯಾವ ಕಡೆ ತಿರುಗುತ್ತದೋ ಹೇಳಲಾಗದು. ಬದುವಿನ ಹುಲ್ಲಿಗೆ ಕಡ್ಡಿ ಗೀರಿ, ಪಕ್ಕದ ತೆಂಗಿನ ಸಸಿ ಸುಟ್ಟದ್ದನ್ನು ನಾವೂ ಕಂಡಿದ್ದೇವೆ. ಅಂಥ ಉರಿ ಗುಡ್ಡದಷ್ಟು ಇತ್ತು. ಅವರು ಹಸಿ ಸೊಪ್ಪಿನಲ್ಲಿ ಬಡಿದು ಆರಿಸಬೇಕು. ಮುರಿಗೆಪ್ಪ ಆ ಬೆಂಕಿಯಿಂದ ಹೊರಗೆ ಬರಲಿಲ್ಲ.